ಚೆಲ್ಲಿದ ಚುಕ್ಕಿಗಳ ನ್ಯಾಯ

ಯಾರಿಗಾದರೂ ಒಂದು ಬಿಳಿ ಹಾಳೆ ಕೊಟ್ಟು, ‘ಇದರ ಮೇಲೆ ಐವತ್ತು ಚುಕ್ಕಿ ಇಡಿ, ಯಾವ ಕ್ರಮವೂ ಇರಬಾರದು’ ಎಂದು ಕೇಳಿ ನೋಡಿ. ಮೊದಲ ಹತ್ತು ಚುಕ್ಕಿ ಸಲೀಸಾಗಿ ಬೀಳುತ್ತವೆ. ಆಮೇಲೆ ಪೆನ್ನು ಹಿಡಿದ ಕೈ ಯೋಚಿಸಲು ಶುರುಮಾಡುತ್ತದೆ. ಇಲ್ಲಿ ಆಗಲೇ ಒಂದಿದೆ, ಪಕ್ಕದಲ್ಲೇ ಇನ್ನೊಂದು ಬೇಡ. ಆ ಮೂಲೆ ಖಾಲಿ ಇದೆ, ಅಲ್ಲೊಂದು ಇರಲಿ. ಐವತ್ತು ಮುಗಿಯುವ ಹೊತ್ತಿಗೆ ಚುಕ್ಕಿಗಳೆಲ್ಲ, ಮದುವೆ ಛತ್ರದಲ್ಲಿ ಪರಿಚಯವಿಲ್ಲದ ನೆಂಟರು ಕೂತ ಹಾಗೆ, ಒಂದನ್ನೊಂದು ಮುಟ್ಟದೆ ಮರ್ಯಾದೆಯ ಅಂತರದಲ್ಲಿ ಕೂತಿರುತ್ತವೆ. ನೋಡಿದವರು ‘ಚೆನ್ನಾಗಿ ಚೆಲ್ಲಾಪಿಲ್ಲಿಯಾಗಿದೆ’ ಎನ್ನುತ್ತಾರೆ. ನಿಜಕ್ಕೂ ಅಲ್ಲಿ ಚೆಲ್ಲಿದ್ದು ಏನೂ ಇಲ್ಲ. ಪ್ರತಿ ಚುಕ್ಕಿಯನ್ನೂ ಉಳಿದವುಗಳ ಮುಖ ನೋಡಿಯೇ ಇಡಲಾಗಿದೆ.

ಪುಸ್ತಕಗಳಿಗೆ ಮುಖಪುಟ, ಒಳಚಿತ್ರ ಮಾಡಿಕೊಡುವ ಕೆಲಸ ನನ್ನದು. ಮಳೆಹನಿ, ಧೂಳು, ನಕ್ಷತ್ರ, ಕಣದಲ್ಲಿ ಚೆಲ್ಲಿದ ರಾಗಿ, ಹಳೆಯ ಗೋಡೆಯ ಕಲೆ, ಇವೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಕೊನೆಗೆ ಚುಕ್ಕಿಗಳೇ. ಅವನ್ನು ಒಂದೊಂದಾಗಿ ಇಡುತ್ತ ಕೂರಲು ಪುರುಸೊತ್ತಿರುವುದಿಲ್ಲ. ಹಾಗಾಗಿ ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶಕ್ಕೆ ಆ ಕೆಲಸ ಒಪ್ಪಿಸುತ್ತೇನೆ. ಒಂದು ಪುಟ್ಟ ವೃತ್ತ ಬರೆದು, ಟೈಲ್ಡ್ ಕ್ಲೋನ್ಸ್ ಎಂಬ ಕಿಟಕಿ ತೆರೆದು, ಹತ್ತು ಅಡ್ಡಸಾಲು, ಹತ್ತು ಉದ್ದಸಾಲು ಎಂದು ಹೇಳಿದರೆ ನೂರು ಚುಕ್ಕಿಗಳು ಬೆಳಗಿನ ಅಂಗಳದ ರಂಗೋಲಿಯ ಹಾಗೆ ಸಾಲಾಗಿ ನಿಲ್ಲುತ್ತವೆ. ಅದೇ ಕಿಟಕಿಯಲ್ಲಿ ಜಾಗ, ಗಾತ್ರ, ಕೋನಗಳಿಗೆ ಇಂತಿಷ್ಟು ಶೇಕಡಾ ರ‍್ಯಾಂಡಮ್ ಎಂದು ತುಂಬುವ ಖಾನೆಗಳಿವೆ. ಹತ್ತೋ ಇಪ್ಪತ್ತೋ ತುಂಬಿದರೆ ಸಾಲು ಸ್ವಲ್ಪ ಕದಡುತ್ತದೆ. ಹೆಚ್ಚಿಸುತ್ತ ಹೋದಂತೆ ರಂಗೋಲಿ ಕರಗಿ ಎರಚಾಟವಾಗುತ್ತದೆ.

ನನ್ನನ್ನು ಯೋಚನೆಗೆ ಹಚ್ಚಿದ್ದು ಇದಲ್ಲ, ಇನ್ನೊಂದು ಕಡೆ ಇರುವ ಎರಡು ಗುಂಡಿಗಳು. ವಸ್ತುಗಳನ್ನು ಒಂದು ಸಾಲಿಗೆ ತರುವ, ಸಮವಾಗಿ ಹಂಚುವ ಫಲಕವೊಂದಿದೆ. ಅದರಲ್ಲಿ ಒಂದು ಗುಂಡಿ ಆಯ್ದ ಚುಕ್ಕಿಗಳನ್ನೆಲ್ಲ ಕಂಡಕಂಡಲ್ಲಿ ಎಸೆಯುತ್ತದೆ. ಇನ್ನೊಂದರ ಹೆಸರು ಅನ್‌ಕ್ಲಂಪ್, ಅಂದರೆ ಗುಂಪು ಬಿಡಿಸು. ಅದನ್ನು ಒತ್ತಿದಾಗ ಒಂದರ ಮೇಲೊಂದು ಬಿದ್ದ ಚುಕ್ಕಿಗಳು ಮೆಲ್ಲಗೆ ದೂರ ಸರಿದು ಅಂಚಿನಿಂದ ಅಂಚಿಗೆ ಹೆಚ್ಚುಕಡಿಮೆ ಸಮ ದೂರಕ್ಕೆ ಬರುತ್ತವೆ. ಎರಡು ಮೂರು ಸಲ ಒತ್ತಿದರೆ ಚಿತ್ರ ಕಣ್ಣಿಗೆ ಹಿತವಾಗುತ್ತದೆ. ಎಸೆದು ಬಿಟ್ಟ ಚುಕ್ಕಿಗಳನ್ನು ಹಾಗೆಯೇ ತೋರಿಸಿದಾಗ ‘ಇದೇನು, ಈ ಮೂಲೆಯಲ್ಲಿ ಇಷ್ಟೊಂದು ಯಾಕೆ? ಸ್ವಲ್ಪ ರ‍್ಯಾಂಡಮ್ ಮಾಡಿ’ ಎಂದವರೇ ಹೆಚ್ಚು. ಗುಂಪು ಬಿಡಿಸಿ ಕೊಟ್ಟರೆ ‘ಈಗ ಸರಿಯಾಯಿತು’ ಎನ್ನುತ್ತಾರೆ. ಯಾದೃಚ್ಛಿಕವಾಗಿದ್ದನ್ನು ಕ್ರಮಕ್ಕೆ ತಂದ ಮೇಲೆಯೇ ಅದು ಯಾದೃಚ್ಛಿಕ ಅನ್ನಿಸಿಕೊಳ್ಳುತ್ತದೆ. ಹಾಡು ಕೇಳುವ ಆ್ಯಪ್‌ಗಳಿಗೂ ಇದೇ ಗತಿ ಬಂದಿತ್ತು. ಒಬ್ಬನೇ ಗಾಯಕನ ಹಾಡು ಎರಡೆರಡು ಸಲ ಬರುತ್ತದೆಂದು ಕೇಳುಗರು ದೂರಿದ್ದರಿಂದ, ಒಬ್ಬರ ಹಾಡುಗಳು ದೂರದೂರ ಬರುವಂತೆ ಸ್ಪಾಟಿಫೈ ತನ್ನ ಷಫಲ್ ಅನ್ನು ಬದಲಿಸಿತು.

ಇದಕ್ಕೊಂದು ಸರಳ ಲೆಕ್ಕವಿದೆ. ಹಾಳೆಯನ್ನು ನೂರು ಸಮ ಚೌಕಗಳಾಗಿ ಭಾಗಿಸಿ, ನೂರು ಚುಕ್ಕಿಗಳನ್ನು ಕಣ್ಣು ಮುಚ್ಚಿ ಎಸೆಯಿರಿ. ಚೌಕಕ್ಕೊಂದು ಬೀಳಬೇಕಲ್ಲವೇ ಎಂದು ಮನಸ್ಸು ಹೇಳುತ್ತದೆ. ಲೆಕ್ಕ ಹೇಳುವುದೇ ಬೇರೆ. ಸರಾಸರಿ 37 ಚೌಕಗಳು ಖಾಲಿ ಉಳಿಯುತ್ತವೆ. ಇನ್ನೊಂದು 37ರಲ್ಲಿ ಒಂದೊಂದು, 18ರಲ್ಲಿ ಎರಡೆರಡು ಇರುತ್ತವೆ. ಸುಮಾರು ಎಂಟು ಚೌಕಗಳಲ್ಲಿ ಮೂರೋ ನಾಲ್ಕೋ ಐದೋ ಚುಕ್ಕಿಗಳು ಮುತ್ತಿಕೊಂಡಿರುತ್ತವೆ. ಯಾರೂ ಪಕ್ಷಪಾತ ಮಾಡಿಲ್ಲ. ಪ್ರತಿ ಚುಕ್ಕಿಗೂ ಪ್ರತಿ ಚೌಕವೂ ಸಮಾನವಾಗಿತ್ತು. ಗುಂಪು ಹುಟ್ಟಿದ್ದು ಒಂದೇ ಕಾರಣಕ್ಕೆ: ಒಂದು ಚುಕ್ಕಿಗೆ ಇನ್ನೊಂದು ಎಲ್ಲಿದೆ ಎಂಬುದು ಗೊತ್ತಿಲ್ಲ.

ಈ ಮಾತಿನ ಮೇಲೆ ಸ್ವಲ್ಪ ನಿಲ್ಲೋಣ. ಚುಕ್ಕಿಗಳು ಸಮವಾಗಿ ಹರಡಿರಬೇಕಾದರೆ ಪ್ರತಿಯೊಂದಕ್ಕೂ ಉಳಿದವುಗಳ ಅರಿವಿರಬೇಕು, ಇಲ್ಲವೇ ಅವೆಲ್ಲವನ್ನೂ ನೋಡುತ್ತಿರುವ ಒಂದು ಕೈ ಇರಬೇಕು. ಅರಿವೂ ಇಲ್ಲದೆ, ಕೈಯೂ ಇಲ್ಲದೆ ಸಿಗುವುದು ಗುಂಪು ಮತ್ತು ಖಾಲಿ. ನ್ಯೂಜಿಲೆಂಡಿನ ವೈಟೊಮೊ ಗುಹೆಗಳ ಚಾವಣಿಯಲ್ಲಿ ಮಿನುಗುವ ಹುಳುಗಳಿವೆ. ಕತ್ತಲಲ್ಲಿ ತಲೆಯೆತ್ತಿದರೆ ನಕ್ಷತ್ರ ತುಂಬಿದ ಆಕಾಶದ ಹಾಗೆ ಕಾಣುತ್ತದಂತೆ. ಆದರೆ ಆಕಾಶದಲ್ಲಿ ಇರುವ ಗೊಂಚಲು, ಸರಪಳಿ, ಬರಿದಾದ ಬಯಲುಗಳು ಅಲ್ಲಿಲ್ಲ ಎಂದು ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ. ಕಾರಣ, ಈ ಹುಳುಗಳು ಹತ್ತಿರ ಬಂದ ತಮ್ಮವರನ್ನೂ ತಿನ್ನಬಲ್ಲವು. ಹಾಗಾಗಿ ದೂರ ಕಾಯ್ದುಕೊಳ್ಳುತ್ತವೆ. ನಕ್ಷತ್ರಗಳಿಗೆ ಆ ಗೊಡವೆಯಿಲ್ಲ. ನಮ್ಮ ಕಣ್ಣಿಗೆ ಬೀಳುವ ಬಹುತೇಕ ನಕ್ಷತ್ರಗಳಿಗೆ ಒಂದರ ಸಂಬಂಧ ಇನ್ನೊಂದಕ್ಕಿಲ್ಲ. ಅದಕ್ಕೇ ಅವು ಮುತ್ತಿಕೊಂಡ ಹಾಗೆ ಕಾಣುತ್ತವೆ, ನಾವು ಅಲ್ಲಿ ಬೇಟೆಗಾರನನ್ನೂ ಚೇಳನ್ನೂ ಕಾಣುತ್ತೇವೆ. ಕನ್ನಡದಲ್ಲಿ ಅಂಗಳದ್ದೂ ಚುಕ್ಕಿ, ಆಕಾಶದ್ದೂ ಚುಕ್ಕಿ. ಆದರೆ ಅಂಗಳದ್ದು ಎಣಿಸಿ ಇಟ್ಟದ್ದು, ಆಕಾಶದ್ದು ಯಾರೂ ಎಣಿಸದೆ ಬಿದ್ದದ್ದು.

ಚಿತ್ರದ ವಿಷಯವಾದರೆ ಇಷ್ಟಕ್ಕೆ ಬಿಡಬಹುದಿತ್ತು. ಚುಕ್ಕಿಯ ಜಾಗದಲ್ಲಿ ಮನುಷ್ಯರಿರುವಾಗ ಇದು ನೀತಿಯ ಪ್ರಶ್ನೆಯಾಗುತ್ತದೆ. ಒಂದೇ ಮನೆಗೆ ಒಂದೇ ವರ್ಷದಲ್ಲಿ ಮೂರು ಪೆಟ್ಟು ಬೀಳುತ್ತದೆ. ಒಂದೇ ಬೀದಿಯ ನಾಲ್ಕು ಜನರಿಗೆ ಒಂದೇ ಕಾಯಿಲೆ ಬರುತ್ತದೆ. ಆಗ ನಾವು ಏನು ಹೇಳಬೇಕು? ‘ಕಾಕತಾಳೀಯ’ ಎನ್ನಬೇಕೋ, ‘ಯಾರದೋ ತಪ್ಪು’ ಎನ್ನಬೇಕೋ? ಎರಡೂ ಮಾತಿಗೆ ಬೆಲೆ ತೆರಬೇಕಾಗುತ್ತದೆ.

1944ರ ಬೇಸಿಗೆಯಲ್ಲಿ ಜರ್ಮನಿಯ ವಿ-1 ಹಾರುಬಾಂಬುಗಳು ಲಂಡನ್ ಮೇಲೆ ಬೀಳತೊಡಗಿದವು. ಕೆಲವು ಬಡಾವಣೆಗಳಿಗೆ ಮತ್ತೆಮತ್ತೆ ಬಿದ್ದವು, ಕೆಲವಕ್ಕೆ ಬೀಳಲೇ ಇಲ್ಲ. ಇದರ ಹಿಂದೆ ಗುರಿಯಿದೆ ಎಂದು ಜನ ನಂಬಿದ್ದು ಸಹಜ. ವಿಮಾ ಲೆಕ್ಕಿಗ ಆರ್. ಡಿ. ಕ್ಲಾರ್ಕ್ 1946ರಲ್ಲಿ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ದಕ್ಷಿಣ ಲಂಡನ್ನಿನ 144 ಚದರ ಕಿಲೋಮೀಟರನ್ನು 576 ಸಮ ಚೌಕಗಳಾಗಿ ಮಾಡಿ, ಅಲ್ಲಿ ಬಿದ್ದ 537 ಬಾಂಬುಗಳನ್ನು ಎಣಿಸಿದ್ದರು. 229 ಚೌಕಗಳಲ್ಲಿ ಒಂದೂ ಬಿದ್ದಿರಲಿಲ್ಲ. ಕುರುಡು ಎಸೆತದ ಲೆಕ್ಕದ ಪ್ರಕಾರ ಸುಮಾರು 227 ಖಾಲಿ ಇರಬೇಕಿತ್ತು. ಏಳು ಚೌಕಗಳಲ್ಲಿ ನಾಲ್ಕು ನಾಲ್ಕು ಬಿದ್ದಿದ್ದವು; ಲೆಕ್ಕವೂ ಏಳು ಎಂದೇ ಹೇಳುತ್ತಿತ್ತು. ಗುಂಪು ಇದ್ದದ್ದು ನಿಜ, ಗುರಿ ಇರಲಿಲ್ಲ.

ಈ ಲೆಕ್ಕದಲ್ಲಿ ಒಂದು ದೊಡ್ಡ ಸಮಾಧಾನವಿದೆ. ತಪ್ಪಿತಸ್ಥರನ್ನು ಹುಡುಕುವ ಹಸಿವು ಭಯದ ಕಾಲದಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ನಮಗೆ ಗೊತ್ತು. ಬಾಂಬು ಬೀಳದ ಬೀದಿಯಲ್ಲಿ ಗೂಢಚಾರರಿದ್ದಾರೆ ಎನ್ನುವುದಕ್ಕೂ, ಊರಿಗೆ ರೋಗ ಬಂದಾಗ ಒಂಟಿ ಮುದುಕಿಯ ಕಡೆ ಬೆರಳು ತೋರಿಸುವುದಕ್ಕೂ ಮೂಲ ಒಂದೇ. ಗುಂಪು ಕಂಡ ಕೂಡಲೇ ಕೈಯೊಂದನ್ನು ಊಹಿಸಿಕೊಳ್ಳುತ್ತೇವೆ. ಮನೆಯೊಳಗೆ ಅದೇ ಬೆರಳು ನಮ್ಮ ಕಡೆಗೇ ತಿರುಗುತ್ತದೆ. ಮಗುವಿಗೆ ಕಾಯಿಲೆ ಬಂದ ತಾಯಿ ತಾನು ಯಾವ ಜನ್ಮದಲ್ಲಿ ಏನು ಮಾಡಿದೆನೋ ಎನ್ನುತ್ತಾಳೆ. ಗ್ರಹಚಾರ, ಹಣೆಬರಹ, ಕರ್ಮ ಎಂಬ ಮಾತುಗಳು ದುಃಖಕ್ಕೆ ಅರ್ಥ ಕೊಡುತ್ತವೆ, ಅರ್ಥದ ಜೊತೆಗೆ ಅಪರಾಧವನ್ನೂ ಕೊಡುತ್ತವೆ. ‘ಇದು ನಿನ್ನಿಂದ ಆದದ್ದಲ್ಲ, ಬಿದ್ದ ಚುಕ್ಕಿ ನಿನ್ನ ಮನೆಯ ಮೇಲೆ ಬಿತ್ತು, ಅಷ್ಟೇ’ ಎನ್ನುವುದು ಒಣ ಮಾತಿನ ಹಾಗೆ ಕೇಳಿಸಿದರೂ ಅದರೊಳಗೆ ಕರುಣೆಯಿದೆ. ನಮ್ಮ ಹಿಂದಿನವರಿಗೂ ಇದು ತೀರ ಅಪರಿಚಿತವಾಗಿರಲಿಲ್ಲ. ಜಗತ್ತಿನ ಕಾರಣ ಯಾವುದೆಂದು ಕೇಳುವ ಶ್ವೇತಾಶ್ವತರ ಉಪನಿಷತ್ತು ಕಾಲ, ಸ್ವಭಾವ, ನಿಯತಿಗಳ ಜೊತೆಗೆ ಯದೃಚ್ಛೆಯನ್ನೂ ಪಟ್ಟಿಯಲ್ಲಿ ಸೇರಿಸುತ್ತದೆ. ಕೊನೆಗೆ ಅದನ್ನು ಒಪ್ಪುವುದಿಲ್ಲ ಎನ್ನುವುದು ಬೇರೆ ಮಾತು. ಕೇಳಬೇಕಾದ ಪ್ರಶ್ನೆಯೆಂದು ಒಪ್ಪಿತ್ತು. ರ‍್ಯಾಂಡಮ್ ಎನ್ನಲು ನಮ್ಮ ಗಣಿತದ ಪಠ್ಯಗಳು ಬಳಸುವ ‘ಯಾದೃಚ್ಛಿಕ’ ಅಲ್ಲಿಂದಲೇ ಬಂದ ಪದ.

ಆದರೆ ಲಂಡನ್ನಿನ ಕಥೆಗೆ ಇನ್ನೊಂದು ಮಗ್ಗುಲಿದೆ. ಅದೇ 1944ರಲ್ಲಿ ಬ್ರಿಟನ್ನಿನ ಗುಪ್ತಚರ ವಿಭಾಗ ತನ್ನ ಇಬ್ಬಗೆಯ ಗೂಢಚಾರರ ಮೂಲಕ ಜರ್ಮನರಿಗೆ ತಪ್ಪು ವರದಿ ಕಳಿಸುತ್ತಿತ್ತು. ಬಾಂಬುಗಳು ನಗರ ದಾಟಿ ಹೋಗುತ್ತಿವೆ ಎಂದು ನಂಬಿಸಿದರೆ ಅವರು ಗುರಿಯನ್ನು ಹಿಂದಕ್ಕೆ ತರುತ್ತಾರೆ. ಆಗ ಜನದಟ್ಟಣೆಯ ನಡುಭಾಗ ಉಳಿದು, ಬಾಂಬುಗಳು ಆಗ್ನೇಯದ ಹೊರವಲಯದ ಕಡೆ ಬೀಳುತ್ತವೆ ಎಂಬುದು ಲೆಕ್ಕಾಚಾರ. ಒಟ್ಟು ಸಾವು ಕಡಿಮೆಯಾಗಬಹುದು, ಆದರೆ ಸಾಯುವವರು ಬೇರೆಯವರಾಗುತ್ತಾರೆ. ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ಇದಕ್ಕೆ ವಿರೋಧ ವ್ಯಕ್ತಪಡಿಸಿದರು. ಯಾರು ಬದುಕಬೇಕು, ಯಾರು ಸಾಯಬೇಕು ಎಂದು ತೀರ್ಮಾನಿಸುವ ಹಕ್ಕು ಸರ್ಕಾರಕ್ಕೆ ಎಲ್ಲಿಂದ ಬಂತು ಎಂಬುದು ಅವರ ಆಕ್ಷೇಪದ ಸಾರ. ವಂಚನೆ ಮುಂದುವರಿಯಿತು, ಅದು ಎಷ್ಟು ಫಲ ಕೊಟ್ಟಿತು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆ ಇದೆ.

ನನಗೆ ಮುಖ್ಯವಾಗಿ ಕಾಣುವುದು ಆ ಎರಡು ಕಥೆಗಳು ಒಟ್ಟಿಗೆ ನಿಲ್ಲುತ್ತವೆ ಎಂಬುದು. ಈ ಬಾಂಬು ಈ ಮನೆಯ ಮೇಲೆಯೇ ಏಕೆ ಬಿತ್ತು ಎಂಬುದಕ್ಕೆ ಉತ್ತರವಿಲ್ಲ. ಬಾಂಬುಗಳ ಮೋಡ ಒಟ್ಟಾರೆ ಎಲ್ಲಿ ನಿಂತಿತು ಎಂಬುದಕ್ಕೆ ಉತ್ತರವಿದೆ. ಹಾರಿಸಿದವರಿದ್ದರು, ಗುರಿ ಸರಿಸಲು ನೋಡಿದವರೂ ಇದ್ದರು. ತಂತ್ರಾಂಶದಲ್ಲೂ ಹೀಗೇ. ಚುಕ್ಕಿ ಎಲ್ಲಿ ಬೀಳಬೇಕೆಂದು ನಾನು ಹೇಳುವುದಿಲ್ಲ. ಆದರೆ ಎಷ್ಟು ಚುಕ್ಕಿ, ಯಾವ ಚೌಕಟ್ಟಿನೊಳಗೆ, ಎಷ್ಟು ಶೇಕಡಾ ಎಂದು ತುಂಬುವುದು ನಾನೇ. ಅಷ್ಟೇ ಅಲ್ಲ, ಕಂಪ್ಯೂಟರಿನ ಯದೃಚ್ಛೆ ಕೂಡ ಒಂದು ಸೂತ್ರ. ಇಂಕ್‌ಸ್ಕೇಪಿನ ವಿಸ್ತರಣೆಗಳನ್ನು ಬರೆಯಲು ಬಳಸುವ ಪೈಥಾನ್ ಭಾಷೆ 1997ರ ಮರ್ಸೆನ್ ಟ್ವಿಸ್ಟರ್ ಎಂಬ ವಿಧಾನ ಬಳಸುತ್ತದೆ. ಅದರ ಅಂಕಿಗಳ ಸರಣಿ ಮತ್ತೆ ಮೊದಲಿಗೆ ಬರಬೇಕಾದರೆ ಎಷ್ಟು ಹೆಜ್ಜೆ ಬೇಕೋ ಆ ಸಂಖ್ಯೆ ಬರೆಯಲು ಆರು ಸಾವಿರ ಅಂಕಿ ಬೇಕು. ಹಾಗಿದ್ದರೂ ಬೀಜವೆಂದು ಕೊಡುವ ಮೊದಲ ಸಂಖ್ಯೆ ಒಂದೇ ಆದರೆ ಚುಕ್ಕಿಗಳು ಪ್ರತಿಸಲವೂ ಅದೇ ಜಾಗಗಳಲ್ಲಿ ಬೀಳುತ್ತವೆ. ‘ತಾನಾಗಿ ಬಿತ್ತು’ ಎನ್ನುವ ಚುಕ್ಕಿಯ ಹಿಂದೆಯೂ ಬೀಜ ಹಾಕಿದವರಿದ್ದಾರೆ.

ಇದು ನಮ್ಮ ಹತ್ತಿರದ ಕಥೆಯೂ ಹೌದು. ಕಾಸರಗೋಡಿನ ಸರ್ಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗದ ಕಡೆ ಕನ್ನಡ, ತುಳು ಮಾತಾಡುವ ಮನೆಗಳಲ್ಲಿ ನರದೌರ್ಬಲ್ಯ, ಬುದ್ಧಿಮಾಂದ್ಯ, ಹುಟ್ಟು ಅಂಗವೈಕಲ್ಯ ಕಾಣಿಸಿಕೊಂಡವು. ಗಡಿಯ ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಯಲ್ಲೂ ಅದೇ ನೋವು. ಅಲ್ಲಿನ ವೈದ್ಯರು, ಪತ್ರಕರ್ತ ಶ್ರೀಪಡ್ರೆಯಂಥವರು ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಯಾಕೆ ಎಂದು ಕೇಳಿದರು. ಕೇಳಿದ್ದು, ಮುಖಪುಟ ನೋಡಿ ಜನ ನನ್ನನ್ನು ಕೇಳುವ ಅದೇ ಪ್ರಶ್ನೆ. ತನಿಖೆಗೆ ಬಂದ ಒಂದು ಸಂಸ್ಥೆ ಸಂಬಂಧವಿದೆ ಎಂದರೆ, ಆಮೇಲಿನ ಸಮಿತಿ ಸಂಬಂಧ ಸಾಬೀತಾಗಿಲ್ಲ ಎಂದಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಹೇಳಿತು.

ಒಂದು ಗುಂಪು ಬರಿಯ ಯದೃಚ್ಛೆಯೇ, ಅದಕ್ಕೊಂದು ಕಾರಣವಿದೆಯೇ ಎಂಬುದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಹಾಗಾದರೆ ಎಣಿಸುವ ಹೊರೆ ಯಾರ ಮೇಲೆ? ಇಲ್ಲಿ ನನ್ನ ಉತ್ತರ ಖಚಿತ. ಚೆಲ್ಲಿದವರ ಮೇಲೆ. ಮೇಲಿಂದ ಏನನ್ನೂ ಯಾರೂ ಸುರಿಯದ ಊರಿನಲ್ಲಿ ನಾಲ್ಕು ಕಾಯಿಲೆಗಳು ಒಟ್ಟಿಗೆ ಬಂದರೆ ಮೊದಲು ಯದೃಚ್ಛೆಯನ್ನು ನಂಬುವುದು ನ್ಯಾಯ. ಇಪ್ಪತ್ತು ವರ್ಷ ಸುರಿದ ಊರಿನಲ್ಲಿ ‘ಇದು ಕಾಕತಾಳೀಯ’ ಎನ್ನುವವರು ಅದನ್ನು ತೋರಿಸಿಕೊಡಬೇಕು, ಮಗುವನ್ನು ಎತ್ತಿಕೊಂಡ ತಾಯಿಯಲ್ಲ. ಹೆಲಿಕಾಪ್ಟರಿನಿಂದ ಬಿದ್ದ ಯಾವ ಹನಿ ಯಾರ ಬಾವಿಗೆ ಬಿತ್ತೆಂದು ಯಾರೂ ಹೇಳಲಾರರು. ಹಾಗೆ ಹೇಳಲಾಗದು ಎಂಬುದೇ ಹಾರಾಟ ನಡೆಸಿದವರಿಗೆ ರಕ್ಷೆಯಾಗಬಾರದು.

ಇನ್ನು ಅನ್‌ಕ್ಲಂಪ್ ಗುಂಡಿಯ ವಿಷಯ. ಸಮಾನ ಅವಕಾಶ ಕೊಟ್ಟು ಬಿಟ್ಟರೆ ಫಲವೂ ಸಮಾನವಾಗಿ ಹಂಚಿಹೋಗುತ್ತದೆ ಎಂದು ನಂಬುವವರಿದ್ದಾರೆ. ನೂರು ಚೌಕಗಳ ಲೆಕ್ಕ ಅದನ್ನು ಸುಳ್ಳು ಮಾಡುತ್ತದೆ. ಒಂದಿಷ್ಟೂ ಪಕ್ಷಪಾತವಿಲ್ಲದ ಎಸೆತದಲ್ಲೇ ಮೂರನೇ ಒಂದಕ್ಕಿಂತ ಹೆಚ್ಚು ಚೌಕಗಳು ಬರಿಗೈಯಲ್ಲಿ ಉಳಿಯುತ್ತವೆ. ಪಕ್ಷಪಾತವೂ ಇರುವ ನಮ್ಮ ಸಮಾಜದಲ್ಲಿ ಇನ್ನೇನು ಹೇಳುವುದು? ಸಮವಾಗಿ ಹರಡುವುದು ತಾನಾಗಿ ಆಗುವುದಿಲ್ಲ. ಅದನ್ನು ಯಾರಾದರೂ ಕೂತು ಮಾಡಬೇಕು.

ಮೀಸಲಾತಿಯ ರೋಸ್ಟರ್ ಬಿಂದು ಎಂಬ ಸರ್ಕಾರಿ ಪದ ನನಗೆ ಈ ಕಾರಣಕ್ಕೆ ಇಷ್ಟ. ಎಷ್ಟನೆಯ ಹುದ್ದೆ ಯಾರಿಗೆ ಎಂದು ಬಿಂದುಗಳನ್ನು ಅಂತರ ನೋಡಿ ಇಡುವ ರಂಗೋಲಿ ಅದು. ಅಲ್ಲೂ ಚೌಕಟ್ಟಿನ ಗಾತ್ರದ್ದೇ ಜಗಳ. ವಿಶ್ವವಿದ್ಯಾಲಯದ ಅಧ್ಯಾಪಕರ ನೇಮಕದಲ್ಲಿ ಇಡೀ ಸಂಸ್ಥೆಯನ್ನು ಒಂದು ಘಟಕ ಎಂದುಕೊಳ್ಳುವ ಬದಲು ಒಂದೊಂದು ವಿಭಾಗವನ್ನೂ ಘಟಕ ಮಾಡಬೇಕೆಂಬ ಹೈಕೋರ್ಟ್ ತೀರ್ಪಿನ ಮೇಲೆ 2018ರಲ್ಲಿ ಯುಜಿಸಿ ಆದೇಶ ಹೊರಡಿಸಿತು. ಆ ಲೆಕ್ಕದಲ್ಲಿ ನಾಲ್ಕನೆಯ ಹುದ್ದೆ ಹಿಂದುಳಿದ ವರ್ಗಕ್ಕೆ, ಏಳನೆಯದು ಪರಿಶಿಷ್ಟ ಜಾತಿಗೆ, ಹದಿನಾಲ್ಕನೆಯದು ಪರಿಶಿಷ್ಟ ಪಂಗಡಕ್ಕೆ. ಮೂರೇ ಹುದ್ದೆಗಳಿರುವ ವಿಭಾಗದಲ್ಲಿ ಯಾರ ಸರದಿಯೂ ಬರುವುದಿಲ್ಲ. ಶೇಕಡಾವಾರು ಒಂದಿಷ್ಟೂ ಬದಲಾಗಿರಲಿಲ್ಲ, ಚೌಕ ಮಾತ್ರ ಚಿಕ್ಕದಾಗಿತ್ತು. ದೇಶದುದ್ದಕ್ಕೂ ವಿರೋಧ ಬಂದ ಮೇಲೆ 2019ರ ಕಾಯ್ದೆ ಮತ್ತೆ ಇಡೀ ಸಂಸ್ಥೆಯನ್ನೇ ಘಟಕವಾಗಿಸಿತು.

‘ಹಾಗೆ ಕೈಯಾಡಿಸಿದರೆ ಕೈಯಾಡಿಸುವವರ ಪಕ್ಷಪಾತವೂ ಸೇರುತ್ತದಲ್ಲ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಚೀಟಿ ಎತ್ತುವುದಕ್ಕೆ ಇರುವ ಗೌರವ ಅದರಿಂದಲೇ. ಚುನಾವಣೆಯಲ್ಲಿ ಇಬ್ಬರಿಗೂ ಸಮ ಮತ ಬಂದರೆ ಚೀಟಿ ಎತ್ತಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಇಬ್ಬರ ಹಕ್ಕೂ ಸಮವಾಗಿದ್ದು, ಇರುವುದು ಒಂದೇ ಸ್ಥಾನವಾದಾಗ ಯಾರ ಕೈಯೂ ಸೋಕದ ತೀರ್ಮಾನಕ್ಕಿಂತ ಒಳ್ಳೆಯದಿಲ್ಲ. ಆದರೆ ಚೀಟಿ ಎತ್ತಿದ ಮಾತ್ರಕ್ಕೆ ಸೋತವರ ಬಗ್ಗೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಎಸೆತ ನ್ಯಾಯವಾಗಿತ್ತು ಎಂಬುದು ಒಂದು ಮಾತು, ಬಿದ್ದ ಮೇಲೆ ಚುಕ್ಕಿಗಳು ಹೇಗಿವೆ ಎಂಬುದು ಇನ್ನೊಂದು ಮಾತು. ಮೊದಲನೆಯದನ್ನು ತೋರಿಸಿ ಎರಡನೆಯದರಿಂದ ಜಾರಿಕೊಳ್ಳುವವರು ಎಲ್ಲ ಕಚೇರಿಗಳಲ್ಲೂ ಸಿಗುತ್ತಾರೆ.

ದುರದೃಷ್ಟವನ್ನು ಬೀಳುವಾಗ ಹಂಚಲಾಗುವುದಿಲ್ಲ, ಬಿದ್ದ ಮೇಲೆ ಹಂಚಬಹುದು. ಕರ್ನಾಟಕದ ಸಹಕಾರಿ ಸಂಘಗಳ ರೈತರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ ಮಾಡಿದ್ದು ಅದನ್ನೇ. ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ಲಕ್ಷಾಂತರ ಮನೆಗಳು ಹಣ ಕೂಡಿಸಿದವು. ಯಾರ ಎದೆ ಕೈಕೊಡುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆಪರೇಷನ್ ಒಬ್ಬನಿಗೆ ಬಂತು, ಖರ್ಚು ಎಲ್ಲರ ಮೇಲೂ ತೆಳ್ಳಗೆ ಹರಡಿತು. ಇದಕ್ಕಿಂತ ಹಳೆಯ ಯೋಜನೆಗೆ ಹೆಸರೇ ಇಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯಿಂದ ಅನ್ನ ಸಾರು ಬರುತ್ತದೆ. ತಂದವರು ಸಾವಿನ ಕಾರಣ ಕೇಳುತ್ತ ಕೂರುವುದಿಲ್ಲ, ಕರ್ಮದ ಲೆಕ್ಕ ತೆಗೆಯುವುದಿಲ್ಲ. ಪಾತ್ರೆ ಇಟ್ಟು, ಎರಡು ಮಾತಾಡಿ, ನಾಳೆಯದನ್ನು ಮೂರನೇ ಮನೆಯವರು ತರುತ್ತಾರೆ ಎಂದು ಹೇಳಿ ಹೋಗುತ್ತಾರೆ.